ಮನೆಯವರಿಗೆ ಗೊತ್ತಿತ್ತು

ಕ್ರೈಮ್ ಥ್ರಿಲ್ಲರ್ ಓದುವವರನ್ನು ಒಂದು ಮೆಟ್ಟಿಲು ಕೆಳಗೆ ಕೂರಿಸುವವರು ಈಗಲೂ ಇದ್ದಾರೆ. ‘ಸುಮ್ನೆ ಟೈಮ್‌ಪಾಸ್‌ಗೆ ಓದ್ತೀರಾ?’ ಅಂತ ಕೇಳುತ್ತಾರೆ. ನಾನು ಅದಕ್ಕೆ ಓದುವುದಿಲ್ಲ. ಒಂದು ಕುಟುಂಬ ತನ್ನೊಳಗೆ ಏನೇನು ಮುಚ್ಚಿಟ್ಟುಕೊಂಡು ಬದುಕುತ್ತದೆ ಅನ್ನುವುದನ್ನು ಒಳ್ಳೆಯ ಅಪರಾಧ ಕಾದಂಬರಿಯಷ್ಟು ಹತ್ತಿರದಿಂದ ತೋರಿಸುವ ಬರಹ ನನಗೆ ಸಿಕ್ಕಿದ್ದು ಕಡಿಮೆ.

ನಮ್ಮ ಹಿಂದಿನ ತಲೆಮಾರು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಲೈಬ್ರರಿಯಿಂದ ತಂದು ಓದಿತು. ಎಷ್ಟೋ ಜನಕ್ಕೆ ಓದುವ ಚಟ ಹತ್ತಿದ್ದೇ ಅಲ್ಲಿಂದ. ಆ ಋಣ ದೊಡ್ಡದು. ಆದರೆ ‘ಮಾಡಿದ್ದು ಯಾರು?’ ಅನ್ನುವ ಪ್ರಶ್ನೆ ಈಗ ನನಗೆ ಸಾಲುವುದಿಲ್ಲ. ಮನೆಯಲ್ಲಿ ಯಾರಿಗೆ ಗೊತ್ತಿತ್ತು? ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ? ನಾನು ಪುಟ ತಿರುಗಿಸುವುದು ಇದಕ್ಕಾಗಿ.

ಜಪಾನಿನ ಕೇಗೊ ಹಿಗಾಶಿನೊ 2005ರಲ್ಲಿ ಬರೆದ ‘ದ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ ನೋಡಿ. ಕಾಡುತ್ತಿದ್ದ ಮಾಜಿ ಗಂಡ ಮನೆಗೆ ನುಗ್ಗುತ್ತಾನೆ, ತಾಯಿ ಮಗಳು ಸೇರಿ ಅವನನ್ನು ಕೊಂದುಬಿಡುತ್ತಾರೆ. ಇದು ಶುರುವಿನಲ್ಲೇ ಗೊತ್ತಾಗುತ್ತದೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಅವರ ಸಹಾಯಕ್ಕೆ ನಿಲ್ಲುತ್ತಾನೆ. ಕೊಲೆಗಾರರು ಯಾರು ಅಂತ ಗೊತ್ತಿದ್ದೂ ಪುಸ್ತಕ ಕೆಳಗಿಡಲು ಆಗುವುದಿಲ್ಲ. ಆ ಪುಟ್ಟ ಹುಡುಗಿ ಇದನ್ನೆಲ್ಲ ಎದೆಯೊಳಗೆ ಇಟ್ಟುಕೊಂಡು ದಿನಾ ಸ್ಕೂಲಿಗೆ ಹೋಗಬೇಕಲ್ಲ, ಅದೇ ನನ್ನನ್ನು ಹಿಡಿದು ಕೂರಿಸಿತು.

ನಮ್ಮ ಬೆಂಗಳೂರಿನ ಕಡೆ ಬನ್ನಿ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬಂದಿದ್ದು 2013ರಲ್ಲಿ. ಅದನ್ನು ಯಾರೂ ಥ್ರಿಲ್ಲರ್ ಅನ್ನುವುದಿಲ್ಲ. ನಾನು ಅನ್ನುತ್ತೇನೆ. ಪೊಲೀಸ್ ಇಲ್ಲ, ಪತ್ತೇದಾರ ಇಲ್ಲ. ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈ ಹಿಡಿದು ಇಡೀ ಮನೆಗೆ ದುಡ್ಡು ಬರುತ್ತದೆ. ಆಮೇಲೆ ಆ ದುಡ್ಡನ್ನು ಕಾಯುವುದೇ ಎಲ್ಲರ ಕೆಲಸ. ಕೊನೆಯ ಪುಟಗಳಲ್ಲಿ ಮೈ ತಣ್ಣಗಾಗುತ್ತದೆ. ಓದದವರಿಗಾಗಿ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಕಾನೂನಿನಲ್ಲೂ ಇಂಥದ್ದೇ ಒಂದು ಕಥೆ ಅಡಗಿದೆ. ಅಪರಾಧಿ ಅಂತ ಗೊತ್ತಿದ್ದೂ ಒಬ್ಬನನ್ನು ಶಿಕ್ಷೆಯಿಂದ ತಪ್ಪಿಸಲು ಬಚ್ಚಿಟ್ಟರೆ ಬಚ್ಚಿಟ್ಟವರಿಗೂ ಶಿಕ್ಷೆ. ಹಳೆಯ ಐಪಿಸಿಯ ಸೆಕ್ಷನ್ 212 ಇದನ್ನೇ ಹೇಳುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 249 ಹೇಳುತ್ತದೆ. ಗಂಡನನ್ನು ಬಚ್ಚಿಟ್ಟ ಹೆಂಡತಿಗೆ, ಹೆಂಡತಿಯನ್ನು ಬಚ್ಚಿಟ್ಟ ಗಂಡನಿಗೆ ಇದರಲ್ಲಿ ವಿನಾಯಿತಿ ಇದೆ. ಹೆತ್ತ ತಾಯಿಗೆ ಇಲ್ಲ. ಅಣ್ಣನಿಗೂ ಇಲ್ಲ, ತಂಗಿಗೂ ಇಲ್ಲ. ರಾತ್ರಿ ಮಗ ಬಂದು ಬಾಗಿಲು ತಟ್ಟಿದಾಗ ಒಳಗೆ ಅಮ್ಮ ಇದ್ದಾಳೆ, ಸೊಸೆಯೂ ಇದ್ದಾಳೆ. ಇಬ್ಬರೂ ಒಂದೇ ಕೆಲಸ ಮಾಡುತ್ತಾರೆ. ಜೈಲಿನ ಭಯ ಇರುವುದು ಒಬ್ಬಳಿಗೆ ಮಾತ್ರ. ಒಂದು ಇಡೀ ಕಾದಂಬರಿಗೆ ಇಷ್ಟು ಸಾಕು, ಅಲ್ವಾ?

ನನಗೆ ನಿಜವಾಗಿ ಸಿಟ್ಟು ಬರುವುದು ಹಳೆಯ ಗಾಯಗಳನ್ನು ಬಳಸುವ ರೀತಿಗೆ. ಕೊನೆಯ ಹತ್ತು ಪುಟದಲ್ಲಿ ಒಂದು ಫ್ಲ್ಯಾಶ್‌ಬ್ಯಾಕ್. ಅಪ್ಪ ಕುಡಿದು ಹೊಡೆಯುತ್ತಿದ್ದ, ಅದಕ್ಕೇ ಮಗ ಕೊಲೆಗಾರನಾದ. ಮುಗೀತು. ಹೊಡೆತ ತಿಂದು ಬೆಳೆದು, ಯಾರ ಮೇಲೂ ಕೈ ಎತ್ತದೆ ಬದುಕುತ್ತಿರುವ ಸಾವಿರಾರು ಜನಕ್ಕೆ ಇದು ಅವಮಾನ. ಅದೇ ಮನೆಯಲ್ಲಿ, ಅದೇ ಅಪ್ಪನ ಕೈಯಲ್ಲಿ ಏಟು ತಿಂದ ಅಕ್ಕ ಏನಾದಳು? ಅವಳನ್ನು ತೋರಿಸಿ. ಒಂದೇ ಬಾಲ್ಯದಿಂದ ಇಬ್ಬರು ಬೇರೆ ಬೇರೆ ದಾರಿ ಹಿಡಿದದ್ದು ಹೇಗೆ ಅಂತ ಬರೆಯಿರಿ. ಕಷ್ಟದ ಕೆಲಸ, ಗೊತ್ತು. ಆದರೆ ಬರೆಯಬೇಕಾದದ್ದು ಅದನ್ನೇ.

ಇಂಥ ಕಾದಂಬರಿಗೆ ನಮ್ಮ ಊರಿಗಿಂತ ಒಳ್ಳೆಯ ಜಾಗ ಬೇಕಾ? ಹಳೆಯ ವಠಾರದಲ್ಲಿ ಗೋಡೆಯಾಚೆಯ ಜಗಳ ಎಲ್ಲರಿಗೂ ಕೇಳುತ್ತಿತ್ತು. ಈಗಿನ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರ ಹೆಸರೇ ಗೊತ್ತಿರುವುದಿಲ್ಲ. ಇನ್ನು ಜಮೀನಿನ ವಿಷಯ. 1994ರಲ್ಲಿ ಕರ್ನಾಟಕ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿತು. ಆದರೆ ಕಾನೂನು ಬರುವ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಒಂದೇ ಮನೆಯ ಅಕ್ಕನಿಗೆ ಇಲ್ಲ, ತಂಗಿಗೆ ಇದೆ! ಆ ವ್ಯತ್ಯಾಸ ಹೋಗಿದ್ದು 2005ರ ಕೇಂದ್ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಪಾಲು ಮುಗಿದುಹೋಗಿತ್ತೋ. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು ‘ನನಗೆ ಪಾಲು ಬೇಡ’ ಅಂತ ಬರೆದುಕೊಡುವ ರಿಲೀಸ್ ಡೀಡ್‌ಗೆ ಸಹಿ ಹಾಕಿಸಿಕೊಳ್ಳುವುದು ಯಾರೂ ಕೇಳದ ವಿಷಯವೇನಲ್ಲ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು, ಸುತ್ತಲಿನ ರಾಗಿ ಹೊಲದ ಬೆಲೆ ಎಲ್ಲಿಗೋ ಹೋಯಿತು. ಅಂದು ಸಹಿ ಹಾಕಿದ ಅಕ್ಕ ಇಂದು ಆ ಹೊಲದ ಮುಂದೆ ಬಸ್ಸಿನಲ್ಲಿ ಹೋಗುವಾಗ ಏನು ಯೋಚಿಸುತ್ತಾಳೆ? ಹಬ್ಬಕ್ಕೆ ತಮ್ಮನ ಮನೆಗೆ ಬಂದು ಊಟಕ್ಕೆ ಕೂತಾಗ?

ನನಗೆ ಬೇಕಾದ ಥ್ರಿಲ್ಲರ್ ಆ ಊಟದ ಹೊತ್ತಿನಲ್ಲಿ ಶುರುವಾಗಬೇಕು. ಹೆಣ ಬೀಳುವುದು ನೂರನೇ ಪುಟಕ್ಕಾದರೂ ಪರವಾಗಿಲ್ಲ, ನಾನು ಕಾಯುತ್ತೇನೆ. ಬರೆಯುವ ಗೆಳೆಯರು ಈ ಪೋಸ್ಟ್ ಓದುತ್ತಿದ್ದರೆ, ಇನ್ಸ್‌ಪೆಕ್ಟರ್ ಪಾತ್ರ ಕಟ್ಟುವ ಮೊದಲು ಆ ಅಕ್ಕನ ಪಾತ್ರ ಕಟ್ಟಿ. ಈಗಾಗಲೇ ಯಾರಾದರೂ ಬರೆದಿದ್ದರೆ ಪುಸ್ತಕದ ಹೆಸರು ಹೇಳಿ. ಈ ವಾರವೇ ಕೊಂಡು ಓದುತ್ತೇನೆ.