ಹೊಳ ಸಿಕ್ತಾ?

ಸಾಗರದ ಕಡೆಯ ನಮ್ಮೂರಲ್ಲಿ ಜುಲೈ ತಿಂಗಳಿಡೀ ಯಾರೂ 'ಊಟ ಆಯ್ತಾ' ಅಂತ ಕೇಳುವುದಿಲ್ಲ. 'ಹೊಳ ಸಿಕ್ತಾ?' ಅಂತಲೇ ಮಾತು ಶುರು. ಹೊಯ್ಯುವ ಮಳೆ ನಡುವೆ ಒಂದಿಷ್ಟು ಹೊತ್ತು ನಿಂತು, ಆಕಾಶ ಬೆಳ್ಳಗಾದರೆ ಅದು ಹೊಳ. ಪೇಪರಿನವರು ಇದನ್ನೇ 'ಮಳೆ ಕೊಂಚ ಬಿಡುವು ನೀಡಿದೆ' ಅಂತ ಬರೆಯುತ್ತಾರೆ. ಟೀವಿಯವರಿಗೆ ವರುಣನ ಆರ್ಭಟಕ್ಕೆ ಬ್ರೇಕ್. ಹವಾಮಾನದವರ ಲೆಕ್ಕ ಇನ್ನೂ ದೊಡ್ಡದು. ಮುಂಗಾರಿನ ಕಡಿಮೆ ಒತ್ತಡದ ಪಟ್ಟಿ ಉತ್ತರಕ್ಕೆ ಸರಿದು ಹಿಮಾಲಯದ ಬುಡದಲ್ಲಿ ಕೂತು, ದೇಶದ ನಡುಭಾಗದಲ್ಲಿ ಮಳೆ ಕಡಿಮೆಯಾದರೆ ಅವರು ಅದನ್ನು 'ಬ್ರೇಕ್ ಮಾನ್ಸೂನ್' ಅನ್ನುತ್ತಾರೆ. ನಮ್ಮ ಚಿಕ್ಕಪ್ಪನಿಗೆ ಅಷ್ಟು ದೂರ ಹೋಗುವ ಗೋಜಿಲ್ಲ. ಅಂಗಳಕ್ಕೆ ಬಂದು ಎದುರಿನ ಗುಡ್ಡದ ತಲೆ ಕಾಣುತ್ತಾ ಅಂತ ನೋಡುತ್ತಾರೆ. ಕಂಡರೆ ಹೊಳ. ಕಾಣದಿದ್ದರೆ ಇನ್ನೊಂದು ಎಲೆಅಡಿಕೆ ಕವಳ.

ಮಳೆ ಬಿಡುವು ಕೊಟ್ಟರೆ ಜನಕ್ಕೂ ಬಿಡುವು ಅಂದುಕೊಂಡವರು ಅಡಿಕೆ ತೋಟ ಮಾಡಿದವರಲ್ಲ. ಮೊದಲ ಸಲ ಔಷಧಿ ಹೊಡೆಯುವುದು ಮಳೆಗಾಲ ಹಿಡಿಯುವ ಹೊತ್ತಿಗೆ. ಅದಾಗಿ 40-45 ದಿನಕ್ಕೆ ಎರಡನೇ ಸಲ. ಅಂದರೆ ಸರಿಯಾಗಿ ಮಳೆ ಕಣ್ಣು ಬಿಡದ ಕಾಲದಲ್ಲಿ! ಹೊಡೆಯದೆ ಕೂತರೆ ಕೊಳೆರೋಗ ಬಂದು ಎಳೆ ಅಡಿಕೆಯೆಲ್ಲ ಮರದ ಬುಡಕ್ಕೆ. ಹಾಗಾಗಿ ಗುಡ್ಡದ ತಲೆ ಕಂಡ ಕೂಡಲೇ ನಮ್ಮ ಮನೆಯಲ್ಲಿ ಮದುವೆಮನೆಯ ಗಲಾಟೆ.

ಔಷಧಿ ಅಂದರೆ ಒಂದು ಕಿಲೋ ಮೈಲುತುತ್ತ (ನೀಲಿ ಬಣ್ಣದ ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರು ಹೊಯ್ಯಬೇಕು. ಹದವಾಗಿದೆಯಾ ನೋಡಲು ಚಿಕ್ಕಪ್ಪ ಕತ್ತಿ ಅದ್ದುತ್ತಾರೆ. ತುದಿಗೆ ಕೆಂಪು ಬಂದರೆ ಸುಣ್ಣ ಸಾಲದು. ಆ ಕತ್ತಿಯನ್ನು ಅವರು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಕನ್ನಡಕ ತೆಗೆದು, ಮತ್ತೆ ಹಾಕಿ ನೋಡುವಷ್ಟರಲ್ಲಿ ಅರ್ಧ ಹೊಳ ಮುಗಿದಿರುತ್ತದೆ. ಮೊದಲೇ ಕಲಸಿಟ್ಟುಕೊಳ್ಳೋಣ ಅಂದರೆ ಅದು ಅವತ್ತಿಂದವತ್ತಿಗೇ ಖರ್ಚಾಗಬೇಕು. ಇಟ್ಟರೆ ಕೆಟ್ಟಿತು. ಇಡೀ ಡ್ರಮ್ಮಿನ ಔಷಧಿ ಕಲಸಿ ಮುಗಿಸಿದ ಮರುಕ್ಷಣ ಹಂಚಿನ ಮೇಲೆ ಟಪಟಪ ಶಬ್ದ ಕೇಳಿದಾಗ ಚಿಕ್ಕಪ್ಪ ಆಕಾಶಕ್ಕೆ ಹೇಳುವ ಮಾತನ್ನು ಇಲ್ಲಿ ಬರೆಯಲಾರೆ.

ಇನ್ನು ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ. ಊರಿಗೆಲ್ಲ ಅವನೊಬ್ಬನೇ. ಹೊಳ ಮಾತ್ರ ಎಲ್ಲರ ಮನೆ ಮೇಲೂ ಒಟ್ಟಿಗೇ ಆಗುತ್ತದೆ! ಆ ಹೊತ್ತಿಗೆ ಅವನ ಫೋನು ಸದಾ ಬಿಝಿ. ಸಿಕ್ಕರೂ, 'ಮರ ಜಾರ್ತದೆ ಹೆಗಡೇರೆ, ಸ್ವಲ್ಪ ಆರ್ಲಿ' ಅನ್ನುತ್ತಾನೆ. ಅವನು ಹೇಳುವುದೂ ಸರಿಯೇ, ಜಾರಿದರೆ ಬೀಳುವುದು ಅವನು ತಾನೇ? ಮರ ಆರಬೇಕು, ಅಷ್ಟರೊಳಗೆ ಮಳೆ ಬರಬಾರದು, ಹೊಡೆದದ್ದು ಅಡಿಕೆ ಗೊನೆಯ ಮೇಲೆ ಒಣಗಬೇಕು. ಇಷ್ಟೆಲ್ಲ ಕೂಡಿ ಬರುವುದಕ್ಕಿಂತ ಜಾತಕ ಕೂಡಿ ಬರುವುದು ಸಲೀಸು.

ಹೋದ ವರ್ಷ ಎಲ್ಲ ಕೂಡಿ ಬಂತು ಅನ್ನುವಾಗ ಅತ್ತಿಗೆಗೂ ಅದೇ ಹೊಳ ಕಂಡಿತ್ತು. ವಾರದಿಂದ ಒಲೆಯ ಮೇಲೆ ಹೊಗೆ ಕುಡಿಯುತ್ತಿದ್ದ ಬಟ್ಟೆಗಳನ್ನೆಲ್ಲ ಮತ್ತೆ ಒಗೆದು ತೋಟದ ಅಂಚಿನ ತಂತಿಗೆ ಹರವಿದರು. ಕೊನೆಗಾರ ಮೇಲಿಂದ ಪೈಪು ತಿರುಗಿಸಿದ, ಗಾಳಿ ಬೀಸಿತು. ಚಿಕ್ಕಪ್ಪನ ಬಿಳಿ ಪಂಚೆ ತಿಳಿನೀಲಿ ಆಯ್ತು. 'ಪಂಚೆಗಂತೂ ಕೊಳೆ ಬರಲ್ಲ ಬಿಡಿ' ಅಂತ ಅವನು ಮೇಲಿಂದಲೇ ಕೂಗಿದ. ಎಲ್ಲರೂ ತಲೆ ಎತ್ತಿ ಪಂಚೆ ನೋಡುವಾಗ ಪಕ್ಕದ ಮನೆ ದನ ಬೇಲಿಯ ಕಂಡಿಯಲ್ಲಿ ನುಗ್ಗಿ ಬಸಳೆ ಚಪ್ಪರ ಮುಗಿಸಿತು. ದನಕ್ಕೆ ಕಂಡಿ ಹುಡುಕಲು ಯಾವ ಇಲಾಖೆಯ ಮುನ್ಸೂಚನೆಯೂ ಬೇಡ.

ಇದರ ಮಧ್ಯೆ ಬೆಂಗಳೂರಿನಿಂದ ಭಾವನ ಫೋನು. 'ಮಳೆ ಬಿಟ್ಟಿದೆಯಂತೆ? ಹಾಗಾದ್ರೆ ನೀವೂ ಫ್ರೀ ಅಲ್ವಾ? ಜೋಗ ನೋಡ್ಕೊಂಡು ಮನೆಗೆ ಬರ್ತೀವಿ.'

ಬನ್ನಿ ಅಂದೆವು. ಬೇಡ ಅನ್ನಲಿಕ್ಕಾಗುತ್ತಾ? ಅವರು ಜೋಗಕ್ಕೆ ಹೋದಾಗ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮಂಜಿನೊಳಗೆ. ಶಬ್ದ ಮಾತ್ರ ಭರ್ರೋ ಅಂತ ಕೇಳುತ್ತಿತ್ತಂತೆ. ಕಾದರು, ಕಾದರು. ಭಾವನಿಗೆ ಕಾದು ಹಸಿವಾಯ್ತು, ಸುಟ್ಟ ಜೋಳ ತರಲು ಹೋದರು. ನಿಂಬೆಹಣ್ಣು ಸರಿಯಾಗಿ ಹಿಂಡಿಲ್ಲ ಅಂತ ಅಂಗಡಿಯವಳ ಹತ್ತಿರ ಮಾತಾಡುತ್ತಿರುವಾಗ ಮಂಜು ಸರಿದಿದೆ. ಅಕ್ಕ ನೋಡಿದಳು, ಫೋಟೋನೂ ಹೊಡೆದಳು. ಭಾವ ಜೋಳ ಹಿಡಿದು ಓಡಿ ಬರುವಾಗ ಮತ್ತೆ ಪರದೆ.

ಸಂಜೆ ಮನೆಗೆ ಬಂದವರು ನೀಲಿ ಪಂಚೆಯ ಚಿಕ್ಕಪ್ಪನಿಗೆ ಜೋಗ ಎಷ್ಟು ಚೆನ್ನಾಗಿತ್ತು ಅಂತ ಅರ್ಧ ಗಂಟೆ ಬಣ್ಣಿಸಿದರು. ಅಕ್ಕ ಹೊಡೆದ ಫೋಟೋ ಆಗಲೇ ಭಾವನ ಸ್ಟೇಟಸ್ಸಿನಲ್ಲಿತ್ತು.