ಟಾರ್ಚ್ ಹಿಡಿದು ಬಾಯಿ ನೋಡಿ ಅಂತ 2005ರಲ್ಲೇ ಹೇಳಿದ್ದಾರೆ

ಆಗಾಗ ಯಾರಾದರೂ ಒಂದು ಸುದ್ದಿ ಫಾರ್ವರ್ಡ್ ಮಾಡಿ ಕೇಳುತ್ತಾರೆ, "ಡಾಕ್ಟ್ರೇ, ಕ್ಯಾನ್ಸರ್‌ಗೆ ಔಷಧ ಸಿಕ್ತಂತ, ಖರೇ ಏನ್ರಿ?" ತೆರೆದು ನೋಡಿದರೆ ಎಲ್ಲೋ ದೂರದ ಲ್ಯಾಬಿನಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗ. ಕೇಳುವುದರಲ್ಲಿ ತಪ್ಪಿಲ್ಲ. ಮನೆಯಲ್ಲಿ ಒಬ್ಬರು ಮಲಗಿದ್ದರೆ ನಾನೂ ಕೇಳುತ್ತಿದ್ದೆ. ಆದರೆ ಬಾಯಿ, ಗಂಟಲು, ಕುತ್ತಿಗೆಯ ಕ್ಯಾನ್ಸರ್ ವಿಷಯದಲ್ಲಿ ನಮ್ಮಂಥವರಿಗೆ ಬೇಕಾದ ಎಷ್ಟೋ ಸಂಶೋಧನೆ ನಮ್ಮ ದೇಶದಲ್ಲೇ ಆಗಿದೆ. ಫಲಿತಾಂಶ ಬಂದು ವರ್ಷಗಳಾಗಿವೆ. ಅದು ಸೇಡಂ, ಚಿಂಚೋಳಿ, ಸುರಪುರ, ಔರಾದಿನ ಹಳ್ಳಿಗಳಿಗೆ ಇನ್ನೂ ಸರಿಯಾಗಿ ಮುಟ್ಟಿಲ್ಲ. ನನ್ನ ಸಿಟ್ಟು ಅದಕ್ಕೆ.

ನಾನು ಕಲಬುರಗಿಯಲ್ಲಿ ಹಲ್ಲಿನ ಡಾಕ್ಟರ್. ಹಲ್ಲು ನೋವು ಅಂತ ಬರುತ್ತಾರೆ, ಬಾಯಿ ತೆರೆದರೆ ಕೆನ್ನೆಯ ಒಳಗೆ ಬಿಳಿ ಮಚ್ಚೆ, ಅದೂ ದಿನಾ ಗುಟ್ಕಾ ಇಟ್ಟುಕೊಳ್ಳುವ ಜಾಗದಲ್ಲೇ. ಇಪ್ಪತ್ತೈದು ತುಂಬದ ಹುಡುಗರ ಬಾಯಲ್ಲಿ ಎರಡು ಬೆರಳು ಹೋಗುವುದಿಲ್ಲ. ಖಾರ ತಾಗಿದರೆ ಉರಿ ಅಂತ ಶೇಂಗಾ ಹಿಂಡಿ ಬಿಟ್ಟು, ರೊಟ್ಟಿಯನ್ನು ಮೊಸರಲ್ಲಿ ನೆನೆಸಿ ತಿನ್ನುತ್ತಿರುತ್ತಾರೆ, ಮನೆಯವರು ಹೊಟ್ಟೆಯ ಉಷ್ಣ ಅಂತ ಅಂದುಕೊಂಡಿರುತ್ತಾರೆ. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತೇವೆ. ಕೆನ್ನೆಯ ಒಳಪದರ ಗಟ್ಟಿಯಾಗಿ ಬಿಗಿಯುತ್ತಾ ಹೋಗುತ್ತದೆ, ಕೆಲವರಲ್ಲಿ ಮುಂದೆ ಕ್ಯಾನ್ಸರ್ ಆಗುತ್ತದೆ. ಇದರ ಮುಖ್ಯ ಕಾರಣ ಅಡಿಕೆ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲೇ ಇದೆ. ಆದರೂ "ನಾ ತಂಬಾಕ ತಿನ್ನಂಗಿಲ್ರಿ, ಬರೇ ಪಾನ್ ಮಸಾಲಾ" ಅನ್ನುವವರು ನಿಶ್ಚಿಂತೆಯಿಂದ ಇರುತ್ತಾರೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆಯಿತು. ಅಂಗಡಿಯವರು ಮಸಾಲಾ ಒಂದು ಪೊಟ್ಟಣ, ತಂಬಾಕು ಒಂದು ಪೊಟ್ಟಣ ಬೇರೆ ಬೇರೆ ಕೊಡುತ್ತಾರೆ, ತಿನ್ನುವವರು ಎರಡನ್ನೂ ಕೂಡಿಸಿಕೊಳ್ಳುತ್ತಾರೆ.

ಈಗ ಸಂಶೋಧನೆಯ ಮಾತಿಗೆ ಬರೋಣ.

ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರ್‌ನವರು 1996ರಲ್ಲಿ ಒಂದು ಕೆಲಸ ಶುರು ಮಾಡಿದರು. 13 ಪಂಚಾಯಿತಿಗಳನ್ನು ತೆಗೆದುಕೊಂಡು ಎರಡು ಗುಂಪು ಮಾಡಿದರು. ಒಂದು ಗುಂಪಿನ ಪಂಚಾಯಿತಿಗಳಲ್ಲಿ ತರಬೇತಿ ಕೊಟ್ಟ ಕಾರ್ಯಕರ್ತರು ಮನೆ ಮನೆಗೆ ಹೋಗಿ, 35 ದಾಟಿದವರ ಬಾಯಿ ತೆರೆಸಿ, ಬೆಳಕು ಬಿಟ್ಟು ನೋಡಿದರು, ಕೆಲವು ವರ್ಷ ಬಿಟ್ಟು ಮತ್ತೆ ನೋಡಿದರು. ಸ್ಕ್ಯಾನ್ ಇಲ್ಲ, ರಕ್ತ ಪರೀಕ್ಷೆ ಇಲ್ಲ. ಅನುಮಾನ ಬಂದವರನ್ನು ಡಾಕ್ಟರ ಹತ್ತಿರ ಕಳಿಸಿದರು. 2005ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ತಂಬಾಕು ಅಥವಾ ಕುಡಿತದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು, ಹಾಗೆ ನೋಡದ ಇನ್ನೊಂದು ಗುಂಪಿಗಿಂತ 34%ರಷ್ಟು ಕಡಿಮೆ ಆಗಿತ್ತು. ಸುಮ್ನೆ ನೋಡಿದ್ದಕ್ಕೆ! ಚಟ ಇಲ್ಲದವರಿಗೆ ಅಂಥ ಲಾಭ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೆ ನಮ್ಮ ಜಿಲ್ಲೆಗಳಲ್ಲಿ ಚಟ ಇರುವವರು ಕಡಿಮೆ ಇದ್ದಾರಾ? ತೊಗರಿ ಹೊಲದಲ್ಲಿ, ಕಲ್ಲು ಗಣಿಯಲ್ಲಿ, ಬಸ್ ಸ್ಟ್ಯಾಂಡಲ್ಲಿ, ಆಫೀಸುಗಳ ಮೆಟ್ಟಿಲ ಮೂಲೆಯಲ್ಲಿ ಕೆಂಪು ಕಲೆ ನೋಡಿದರೆ ಸಾಕು. ಹಲ್ಲಿಗೆ ಮಿಶ್ರಿ (ಹುರಿದ ತಂಬಾಕಿನ ಪುಡಿ) ಹಚ್ಚುವ ಅಜ್ಜಿಯರಂತೂ ತಾವು ತಂಬಾಕು ತಿನ್ನುವವರ ಲೆಕ್ಕಕ್ಕೇ ಬರುವುದಿಲ್ಲ ಅಂದುಕೊಂಡಿರುತ್ತಾರೆ.

ಸರ್ಕಾರದ ಕಾರ್ಯಕ್ರಮದಲ್ಲೂ 30 ದಾಟಿದವರ ಬಾಯಿ ನೋಡಬೇಕು ಅಂತ ಇದೆ. ನನ್ನ ಹತ್ತಿರ ಬರುವ ಹಳ್ಳಿಯವರನ್ನು ಕೇಳುತ್ತಿರುತ್ತೇನೆ. ಬಿಪಿ ನೋಡಿದ್ದಾರೆ, ಶುಗರ್ ನೋಡಿದ್ದಾರೆ, ಬಾಯಿ ನೋಡಿಲ್ಲ ಅನ್ನುವವರೇ ಜಾಸ್ತಿ. ಆಶಾ ಅಕ್ಕಂದಿರನ್ನು ನಾನು ದೂರುವುದಿಲ್ಲ. ಅವರ ತಲೆ ಮೇಲೆ ಹೊರಿಸಿದ ಕೆಲಸ ಎಷ್ಟು ಅಂತ ಗೊತ್ತಿದೆ. ಅವರಿಗೆ ಟಾರ್ಚು, ಗ್ಲೌಸು, ತರಬೇತಿ ಕೊಡಿ, ಮುಖ್ಯವಾಗಿ ದುಡ್ಡು ಕೊಡಿ.

ಮುಂದಿನದು ಚಿಕಿತ್ಸೆ. ಬಾಯಿಯ ಗಡ್ಡೆ ಚಿಕ್ಕದಿದೆ, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತಿಲ್ಲ. ಆಗ ಬಾಯಿಯದು ಮಾತ್ರ ತೆಗೆದು ಕುತ್ತಿಗೆಯನ್ನು ಕಾದು ನೋಡಬೇಕಾ, ಇಲ್ಲಾ ರೋಗ ಹರಡಬಹುದಾದ ಕುತ್ತಿಗೆಯ ಗ್ರಂಥಿಗಳನ್ನೂ ಒಟ್ಟಿಗೇ ತೆಗೆಯಬೇಕಾ ಅಂತ ಸರ್ಜನ್‌ಗಳ ಮಧ್ಯೆ ಬಹಳ ಕಾಲ ವಾದ ಇತ್ತು. ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಡಾ. ಅನಿಲ್ ಡಿ'ಕ್ರೂಜ್ ಅವರ ತಂಡ ಇದನ್ನು ಸರಿಯಾಗಿ ಹೋಲಿಸಿ ನೋಡಿತು. ಮೂರು ವರ್ಷದ ನಂತರ ಬದುಕಿದ್ದವರು ಒಟ್ಟಿಗೇ ತೆಗೆದವರಲ್ಲಿ 80%, ಕಾದವರಲ್ಲಿ 67.5%. 2015ರಲ್ಲಿ ಇದು ಬಂದ ಮೇಲೆ ಆ ವಾದಕ್ಕೆ ಗಟ್ಟಿ ಉತ್ತರ ಸಿಕ್ಕಿತು. ಹಾಗಾಗಿ "ಬಾಯಾಗ ಹುಣ್ಣ್ ಅದ, ಕುತ್ಗಿ ಯಾಕ ಕೊಯ್ತಾರ, ಬಿಲ್ ಮಾಡಾಕ" ಅಂತ ಊರಲ್ಲಿ ಯಾರಾದರೂ ಅಂದರೆ ದಯವಿಟ್ಟು ನಂಬಬೇಡಿ. ಆ ಮಾತು ಕೇಳಿ ಅರ್ಧಕ್ಕೆ ವಾಪಸ್ ಬಂದವರಿದ್ದಾರೆ.

ಇನ್ನೊಂದು ನನಗೆ ತುಂಬಾ ಹಿಡಿಸಿದ ಅಧ್ಯಯನ, ಅದೂ ಟಾಟಾದ್ದೇ. ರೋಗ ಮರಳಿ ಬಂದು ಅಥವಾ ತುಂಬಾ ಮುಂದುವರಿದು, ಆಪರೇಷನ್ ಮಾಡುವ ಹಾಗಿಲ್ಲದವರಿಗೆ ಇಮ್ಯುನೋಥೆರಪಿ ಅಂತ ಇದೆ. ನಮ್ಮ ಮೈಯ ರೋಗನಿರೋಧಕ ಕಣಗಳನ್ನು ಕ್ಯಾನ್ಸರ್ ಮೇಲೆ ಬಿಡುವ ಔಷಧ. ಬೆಲೆ ಕೇಳಿದರೆ ಹೊಲ ಮಾರಬೇಕು, ಆಮೇಲೂ ಸಾಲುವುದಿಲ್ಲ. ನಿವೋಲುಮ್ಯಾಬ್ ಅನ್ನೋ ಔಷಧದ ರೂಢಿಯ ಡೋಸ್ ಎರಡು ವಾರಕ್ಕೆ 240 ಮಿಲಿಗ್ರಾಂ. ಇವರು ಮೂರು ವಾರಕ್ಕೆ ಬರೀ 20 ಮಿಲಿಗ್ರಾಂ ಕೊಟ್ಟರು, ಜೊತೆಗೆ ಮನೆಯಲ್ಲೇ ನುಂಗುವ ಕಡಿಮೆ ಡೋಸಿನ ಮಾತ್ರೆಗಳು. ಬರೀ ಮಾತ್ರೆ ತೆಗೆದುಕೊಂಡವರಲ್ಲಿ ಒಂದು ವರ್ಷದ ನಂತರ ಉಳಿದವರು 16.3%, ಈ ಸಣ್ಣ ಡೋಸ್ ಸೇರಿಸಿದವರಲ್ಲಿ 43.4%. ಪರೀಕ್ಷೆಯಲ್ಲಿದ್ದವರು 151 ಮಂದಿ ಮಾತ್ರ, ಪೂರ್ತಿ ಡೋಸ್ ಜೊತೆ ಹೋಲಿಸಿಲ್ಲ, ಇದು ರೋಗ ವಾಸಿ ಮಾಡುವ ಮಾತೂ ಅಲ್ಲ. ಆದರೂ ಬಡವರ ಜೇಬು ನೋಡಿ ಪ್ರಶ್ನೆ ಕೇಳಿದ ಸಂಶೋಧನೆ ಇದು. ಕಂಪನಿಗಳು ತಾವಾಗಿ ಇಂಥ ಪ್ರಶ್ನೆ ಕೇಳಲಾರವು, ಡೋಸ್ ಕಡಿಮೆ ಮಾಡಿದರೆ ಅವರಿಗೇನು ಲಾಭ, ಅಲ್ವಾ? ಬೆಂಗಳೂರಿನ ಸರ್ಜನ್ ಡಾ. ವಿಶಾಲ್ ರಾವ್ ಗಂಟಲಿನ ಧ್ವನಿಪೆಟ್ಟಿಗೆ ತೆಗೆದವರಿಗೆ ಮಾತಾಡಲು ಸುಮಾರು 50 ರೂಪಾಯಿಯ ಧ್ವನಿ ಸಾಧನ ಮಾಡಿದ್ದೂ ಇದೇ ದಾರಿಯ ಕೆಲಸ. ಹೊರದೇಶದ ಸಾಧನಕ್ಕೆ ಸಾವಿರಗಟ್ಟಲೆ ಆಗುತ್ತಿತ್ತು.

ಇಷ್ಟೆಲ್ಲ ಇದ್ದರೂ ನಮ್ಮವರು ತಡವಾಗಿ ಬರುತ್ತಾರೆ. ದೊಡ್ಡ ಕಾರಣ ಬಯಾಪ್ಸಿಯ ಭಯ. "ಕತ್ತರಿ ಹಚ್ಚಿದ್ರ ಹರಡ್ತದ" ಅನ್ನುವ ಮಾತು ಆಳಂದದಿಂದ ಶಹಾಪುರದ ತನಕ ಎಲ್ಲಾ ಕಡೆ ಕೇಳಿದ್ದೇನೆ. ಬಾಯಿ ಹುಣ್ಣಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರೆ ಕ್ಯಾನ್ಸರ್ ಹರಡುವುದಿಲ್ಲ. ಎಂಜಲಿನಲ್ಲಿ, ರಕ್ತದಲ್ಲಿ ಪತ್ತೆ ಮಾಡುವ ಪ್ರಯೋಗಗಳು ನಡೆಯುತ್ತಿವೆ, ಒಳ್ಳೆಯದೇ. ಆದರೆ ಇವತ್ತಿಗೂ ಖಚಿತವಾಗಿ ಹೇಳುವುದು ಬಯಾಪ್ಸಿ ಮಾತ್ರ. ನಾಟಿ ಔಷಧ ಹಚ್ಚಿಕೊಂಡು ಆರು ತಿಂಗಳು ಕಳೆದು ಬಂದ ಕಾಕಾ ಒಬ್ಬರಿಗೆ ಕೆನ್ನೆಯಿಂದ ದವಡೆಯ ಎಲುಬಿನ ತನಕ ಹೋಗಿತ್ತು. ಮೊದಲು ಬಂದಿದ್ದರೆ ಚಿಕ್ಕ ಆಪರೇಷನ್ ಸಾಕಾಗುವ ಸಾಧ್ಯತೆ ಇತ್ತು ಅಂತ ಅವರ ಮಗನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಶೇಷ ಸ್ಥಾನಮಾನ ಬಂತು, ಮೆಡಿಕಲ್ ಕಾಲೇಜುಗಳು ಬಂದವು, ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆ ಇದೆ. ಆದರೂ ಎಷ್ಟೋ ಮಂದಿ ಸೊಲ್ಲಾಪುರ, ಬಾರ್ಶಿ, ಹೈದರಾಬಾದ್ ಬಸ್ ಹತ್ತುತ್ತಾರೆ. ಶರಣಬಸವೇಶ್ವರ ಜಾತ್ರೆಯಲ್ಲಿ ಬಾಯಿ ತಪಾಸಣೆಗೆ ಒಂದು ಟೆಂಟ್ ಹಾಕಲು ಎಷ್ಟು ಖರ್ಚಾಗುತ್ತದೆ? ಡೆಂಟಲ್ ಕಾಲೇಜಿನ ಹುಡುಗರು ಸಾಲಾಗಿ ನಿಂತು ನೋಡಬಹುದು. ಕಲ್ಯಾಣ ಕರ್ನಾಟಕ ಮಂಡಳಿಯ ದುಡ್ಡಿನಲ್ಲಿ ರಸ್ತೆ, ಕಟ್ಟಡ ಆಗಲಿ, ಇದಕ್ಕೂ ಒಂದು ಪಾಲು ಇಡಲಿ. ಕೇರಳದವರು ಮಾಡಿದ್ದನ್ನು ಯಾದಗಿರಿ ಜಿಲ್ಲೆಯ ಒಂದು ತಾಲೂಕಿನಲ್ಲಿ ಮಾಡಿ, ಲೆಕ್ಕ ಇಟ್ಟು, ಫಲಿತಾಂಶ ಪ್ರಕಟಿಸಲಿ. ನಾನು ಬರುತ್ತೇನೆ, ನನ್ನ ಗೆಳೆಯರನ್ನೂ ಕರೆತರುತ್ತೇನೆ.

ಇದನ್ನು ಓದಿದ ಮೇಲೆ ಕೆಲವರು ಬಾಯಿಯ ಫೋಟೋ ಇನ್‌ಬಾಕ್ಸ್‌ಗೆ ಕಳಿಸುತ್ತೀರಿ ಅಂತ ಗೊತ್ತು. ಕಳಿಸಬೇಡಿ, ಫೋಟೋ ನೋಡಿ ಹೇಳಲು ಆಗುವುದಿಲ್ಲ. ಮೂರು ವಾರ ಆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಕುತ್ತಿಗೆಯಲ್ಲಿ ಗಂಟು, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಸರಿ ಹೋಗದ ಒಡಕು ಧ್ವನಿ, ನುಂಗಲು ತೊಂದರೆ, ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಒಳಗೆ ಹೋಗದ ಬಾಯಿ ಇದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ಹಲ್ಲಿನ ವಿಭಾಗಕ್ಕೋ ಕಿವಿ-ಮೂಗು-ಗಂಟಲು ವಿಭಾಗಕ್ಕೋ ಹೋಗಿ ತೋರಿಸಿ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಎರಡೂ ಇಟ್ಟುಕೊಳ್ಳಿ, ಮುಂದೆ ಆಯುಷ್ಮಾನ್ ಯೋಜನೆಗೆ ಬೇಕಾಗುತ್ತವೆ.