ಮೆಣಸಿನಕಾಯಿ ಹಾಸುವ ನೌಕರಿ

ಆ ಫೋಟೊ ನೀವೂ ನೋಡಿರುತ್ತೀರಿ. ದೊಡ್ಡ ದೊಡ್ಡ ಆಲದ ಮರ. ಬುಡದಲ್ಲಿ ಬೆಳಗಿನ ಮಂಜು. ಎಲೆಗಳ ಸಂದಿಯಿಂದ ಕೋಲು ಕೋಲಾಗಿ ಇಳಿಯುವ ಬಿಸಿಲು. ಅದರೊಳಗಿಂದ ಒಬ್ಬ ಮುದುಕ ನಡೆದು ಬರುತ್ತಿದ್ದಾನೆ, ಜೊತೆಗೊಂದು ಎಮ್ಮೆ. ಕೆಳಗೆ ಯಾರೋ ಬರೆದಿರುತ್ತಾರೆ: 'ಕಾಲ ಇಲ್ಲಿ ನಿಂತುಬಿಟ್ಟಿದೆ.'

ಕಾಲ ಎಲ್ಲಿ ನಿಂತಿದೆ ಸ್ವಾಮಿ? ಮುದುಕನನ್ನು ನಿಲ್ಲಿಸಿದ್ದಾರೆ. 'ಬಿಸಿಲು ಬರಲಿ, ತಡಿ, ಈಗ ನಡಿ' ಅಂತ.

ಚೀನಾದ ಫುಜಿಯಾನ್ ಪ್ರಾಂತ್ಯದ ಕರಾವಳಿಯಲ್ಲಿ ಶಿಯಾಪು ಅಂತ ಒಂದು ಕಡೆ ಇದೆ. ಅಲ್ಲಿನ ಆಲದ ತೋಪಿನ ಚಿತ್ರ ಇದು. ಮಂಜು ಅಂತ ನಾವು ಅಂದುಕೊಂಡದ್ದು ಹುಲ್ಲು ಸುಟ್ಟ ಹೊಗೆ. ಎಮ್ಮೆ ನಿಜದ್ದೇ. ಆದರೆ ಅದು ಯಾವ ಹೊಲಕ್ಕೂ ಹೊರಟಿಲ್ಲ. ಈ ಮರದಿಂದ ಆ ಮರಕ್ಕೆ ಹೋಗುತ್ತದೆ, ತಿರುಗಿ ಬರುತ್ತದೆ. ಎದುರಿಗೆ ಟ್ರೈಪಾಡ್‌ಗಳ ಸಾಲು. ದುಡ್ಡು ಕೊಟ್ಟವರಿಗೆ ಮುದುಕ, ಎಮ್ಮೆ, ಹೊಗೆ, ಮೂರೂ ಸಿಗುತ್ತವೆ. ಕಡಲ ಕಡೆಗೆ ಹೋದರೆ ಬಲೆ ಬೀಸುವ ಮೀನುಗಾರ. ಬಲೆ ಗಾಳಿಯಲ್ಲಿ ದುಂಡಗೆ ಬಿಚ್ಚಿಕೊಂಡರೆ ಅವನ ಕೆಲಸ ಮುಗಿಯಿತು. ಅಪ್ಪಿತಪ್ಪಿ ಮೀನು ಬಿದ್ದರೆ ಬಿಡಿಸುವ ತಾಪತ್ರಯ ಬೇರೆ.

ನಮ್ಮ ಕಡೆ ಹಗಲುವೇಷದವರು ಬರುತ್ತಿದ್ದರು. ಒಂದು ದಿನ ರಾಮ, ಒಂದು ದಿನ ಭೀಮ, ಇನ್ನೊಂದು ದಿನ ಆಂಜನೇಯ. ಆದರೆ ರೈತನೇ ರೈತನ ವೇಷ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಆ ಮುದುಕನ ಮೇಲೆ ನನಗೆ ಸಿಟ್ಟೇನಿಲ್ಲ. ಹೊಲ ಉತ್ತರೆ ಮಳೆ ನಂಬಬೇಕು, ಉತ್ತ ಹಾಗೆ ಮಾಡಿದರೆ ಸಂಜೆಗೇ ರೊಕ್ಕ. ನಮ್ಮ ರೈತ ಸಂಘದವರ ಕಿವಿಗೆ ಈ ಸುದ್ದಿ ಬಿದ್ದರೆ ಬೆಂಬಲ ಬೆಲೆ ಬಿಟ್ಟು ಟ್ರೈಪಾಡ್ ಕೇಳಿಯಾರು.

ನಾನು ಹೋದದ್ದು ಬೇರೆ ಹಳ್ಳಿಗೆ. ಜಿಯಾಂಗ್‌ಶಿ ಪ್ರಾಂತ್ಯದ ವೂಯುವಾನ್ ಕಡೆಯ ಹುವಾಂಗ್‌ಲಿಂಗ್. ಮಿಂಗ್ ದೊರೆಗಳ ಕಾಲದ ಊರು, 500 ವರ್ಷ ದಾಟಿದೆ. ಗುಡ್ಡದ ಇಳಿಜಾರಿನಲ್ಲಿ ಮನೆಯ ಮೇಲೆ ಮನೆ. ಸಪಾಟು ಜಾಗವೇ ಇಲ್ಲ. ಇನ್ನು ಕಣ ಎಲ್ಲಿ ಮಾಡೋದು? ಅದಕ್ಕೇ ಹಿಂದಿನವರು ಮಾಡಿನ ಮಟ್ಟಕ್ಕೆ ಗಳು ಕಟ್ಟಿ, ಅದರ ಮೇಲೆ ದುಂಡನೆಯ ದೊಡ್ಡ ಬಿದಿರು ತಟ್ಟೆ ಇಟ್ಟು, ಮೆಣಸಿನಕಾಯಿ, ಗೋವಿನಜೋಳ, ಸೇವಂತಿಗೆ ಎಲ್ಲವನ್ನೂ ಅಲ್ಲೇ ಒಣಗಿಸಿದರು. ಇದಕ್ಕೆ ಅವರು 'ಶಾಯ್ ಚಿಯು' ಅನ್ನುತ್ತಾರೆ. ಶರತ್ಕಾಲವನ್ನೇ ಬಿಸಿಲಿಗೆ ಹಾಕೋದು ಅಂತ ಅರ್ಥ. ಹೆಸರು ಮಾತ್ರ ಬಲು ಚೆಂದ.

2009ರ ಹೊತ್ತಿಗೆ ಪ್ರವಾಸೋದ್ಯಮದ ಕಂಪನಿ ಬಂತು. ಊರಿನವರಿಗೆ ಗುಡ್ಡದ ಕೆಳಗೆ ಹೊಸ ಮನೆ ಆಯಿತು. ಹಳೇ ಮನೆಗಳು ಕಂಪನಿ ಪಾಲಾದವು. ಮೇಲೆ ಹೋಗಲು ರೋಪ್‌ವೇ. ಈಗ ಊರಿನ ಕೆಲವರು ಬೆಳಗ್ಗೆ ಎದ್ದು ತಮ್ಮೂರಿಗೆ ತಾವೇ ಡ್ಯೂಟಿಗೆ ಹೋಗುತ್ತಾರೆ. ಅಜ್ಜ ಮುತ್ತಜ್ಜ ಪುಕ್ಕಟೆ ಮಾಡಿದ ಕೆಲಸವನ್ನು ಸಂಬಳಕ್ಕೆ ಮಾಡಿ ಸಂಜೆ ಇಳಿದು ಬರುತ್ತಾರೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಏನು ಕೇಳಿರಬಹುದು? 'ಎಷ್ಟು ವರ್ಷದ ಅನುಭವ?' 'ಐನೂರು.'

ಮೇಲೆ ಒಂದು ಕಟ್ಟೆ ಇದೆ. ಎಲ್ಲರೂ ಅಲ್ಲೇ ನಿಂತು ಫೋಟೊ ತೆಗೆಯಬೇಕು. ನಾನೂ ಸರದಿಯಲ್ಲಿ ನಿಂತೆ. ನನ್ನ ಸರದಿ ಬಂದಾಗ ಮಾಡಿದ ಮೊದಲ ಕೆಲಸ ಏನು ಗೊತ್ತಾ? ಮೊಬೈಲಿನಲ್ಲಿ ಬೆಂಗಳೂರಿನಲ್ಲೇ ಉಳಿಸಿಟ್ಟುಕೊಂಡಿದ್ದ ಹುವಾಂಗ್‌ಲಿಂಗ್‌ನ ಫೋಟೊ ತೆಗೆದು ಎದುರಿನ ಊರಿನ ಪಕ್ಕ ಹಿಡಿದೆ. ಹೋಲುತ್ತಾ ಅಂತ. ಊರಿನಲ್ಲಿ ಕೆಂಪು ಸ್ವಲ್ಪ ಕಮ್ಮಿ ಅನಿಸಿತು. ಬೇಜಾರಾಯಿತು.

ಎದುರಿನ ಮಾಡಿನ ಹತ್ತಿರ ಒಬ್ಬಾಕೆ ಇದ್ದರು. ನೀಲಿ ಹೂವಿನ ಅಂಗಿ, ತಲೆಗೆ ಅದೇ ಬಟ್ಟೆ. ನಮ್ಮ ಕಟ್ಟೆಯಿಂದ ಯಾರೋ ಕೂಗಿದರು. ಆಕೆ ಒಂದು ತಟ್ಟೆ ಎತ್ತಿ, ಒಂದೂ ಕಾಯಿ ಬೀಳದ ಹಾಗೆ ನಮ್ಮ ಕಡೆ ವಾಲಿಸಿ, ನಕ್ಕು, ಕೆಳಗಿಟ್ಟರು. ಮುಂದಿನ ಗುಂಪು ಬಂತು. ಮತ್ತೆ ಅದೇ ತಟ್ಟೆ, ಅಷ್ಟೇ ನಗು. ಏಳು ಸಲ ಎಣಿಸಿದೆ. ನಡುವೆ ಗುಂಪು ತಡವಾದಾಗ ಅಂಗಿಯ ಒಳಗಿಂದ ಮೊಬೈಲ್ ತೆಗೆದು, ಗಳುವಿಗೆ ಒರಗಿ ಯಾವುದೋ ವಿಡಿಯೊ ನೋಡತೊಡಗಿದರು. ಇಡೀ ಹಳ್ಳಿಯಲ್ಲಿ ನಾನು ಕಂಡ ನಿಜವಾದ ಗ್ರಾಮಜೀವನ ಅದೊಂದೇ. ಅದನ್ನು ಯಾರೂ ಫೋಟೊ ತೆಗೆಯಲಿಲ್ಲ, ನಾನೂ.

ಹುವಾಂಗ್‌ಲಿಂಗ್‌ನ ಟಿಕೆಟ್ ಬಗ್ಗೆ ಗೊಣಗುವವರು ಫೆಂಗ್‌ಹುವಾಂಗ್ ಕತೆ ಕೇಳಬೇಕು. ಹುನಾನ್ ಪ್ರಾಂತ್ಯದ ಹಳೇ ಪಟ್ಟಣ ಅದು. ಜನ ಬದುಕುವ ಊರು, ಅಂಗಡಿ ಬೀದಿ, ಹೊಳೆ. 2013ರ ಏಪ್ರಿಲ್‌ನಲ್ಲಿ ಆ ಊರಿಗೇ 148 ಯುವಾನ್ ಟಿಕೆಟ್ ಹಾಕಿದರು. ಅಂಗಡಿಯವರು ಬಾಗಿಲು ಹಾಕಿ ಬೀದಿಗಿಳಿದರು. ಹಾಗೂ ಹೀಗೂ ಮೂರು ವರ್ಷ ನಡೆಯಿತು. 2016ರಲ್ಲಿ ಟಿಕೆಟ್ ತೆಗೆದುಹಾಕಿದರು. ನೆಂಟರ ಮನೆಗೆ ಹೋಗಲು ಗೇಟಿನಲ್ಲಿ ಪಾಸು ತೋರಿಸುವ ಊರು ಹೇಗಿರುತ್ತೆ ಅಂತ ಯೋಚಿಸಿ. ಅಥವಾ ಬೇಡ. ಬೆಂಗಳೂರಿನ ಅಪಾರ್ಟ್‌ಮೆಂಟಿನವರು ದಿನಾ ಮಾಡುವುದು ಅದನ್ನೇ.

ಊರು ಬಿಡಿ, ಪ್ರಕೃತಿಯೂ ಈಗ ಡ್ಯೂಟಿ ಮೇಲಿದೆ. ಹೆನಾನ್ ಪ್ರಾಂತ್ಯದಲ್ಲಿ ಯುನ್‌ತಾಯ್ ಜಲಪಾತ ಇದೆ. 314 ಮೀಟರ್, ನಮ್ಮ ಜೋಗಕ್ಕಿಂತ 60 ಮೀಟರಿನಷ್ಟು ಜಾಸ್ತಿ. 2024ರ ಜೂನ್‌ನಲ್ಲಿ ಯಾರೋ ಚಾರಣಿಗ ಮೇಲೆ ಹತ್ತಿ ನೋಡಿದರೆ, ಬಂಡೆಯೊಳಗೆ ಪೈಪು! ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುತ್ತೇವೆ. ಇಲ್ಲಿ ಊರಿಗೆ ಬಂದವರಿಗಾಗಿ ನೀರೇ ಪೈಪು ಹತ್ತಿ ಬಂದಿದೆ. ಆಡಳಿತದವರು ಕೊಟ್ಟ ಸಮಜಾಯಿಷಿ ಇನ್ನೂ ಸೊಗಸು. ಜಲಪಾತವೇ ಮಾತಾಡಿದ ಹಾಗೆ ಬರೆದರು: ನೀವು ಬಂದಾಗಲೆಲ್ಲ ಚೆಂದ ಕಾಣುತ್ತೇನೆ ಅಂತ ಭರವಸೆ ಕೊಡಲಾರೆ, ಬೇಸಿಗೆಯಲ್ಲಿ ಒಂಚೂರು ಅಲಂಕಾರ ಮಾಡಿಕೊಂಡೆ ಅಷ್ಟೇ, ಅನ್ನುವ ಧಾಟಿ. ನಗಬೇಡಿ. ಜೋಗಕ್ಕೂ ಪಂಪ್ ಇಟ್ಟು ವರ್ಷವಿಡೀ ನೀರು ಧುಮ್ಮಿಕ್ಕಿಸುವ ಯೋಜನೆ ನಮ್ಮಲ್ಲೂ ಬಂದಿತ್ತು. ರಾಜ, ರಾಣಿ, ರೋರರ್, ರಾಕೆಟ್ ಜೊತೆಗೆ ಐದನೆಯದಾಗಿ ಮೋಟರ್.

ಚೆಂಗ್ದು ನಗರದ ಹತ್ತಿರ 2025ರ ಚಳಿಗಾಲದಲ್ಲಿ ಒಂದು 'ಹಿಮದ ಹಳ್ಳಿ' ಮಾಡಿದ್ದರು. ಹಿಮ ಬೀಳಲಿಲ್ಲ. ಹತ್ತಿ ಹಾಸಿ ಸೋಪಿನ ನೊರೆ ಚಿಮ್ಮಿಸಿದರು. ಜನ ಬೈದರು, ದುಡ್ಡು ವಾಪಸ್ ಮಾಡಿ ಬಾಗಿಲು ಹಾಕಿದರು. ಹತ್ತಿ ಬೆಳೆಯುವ ನಮ್ಮ ಕಡೆಯವರಿಗೆ ಈ ಐಡಿಯಾ ಹೊಳೆದೇ ಇಲ್ಲವಲ್ಲ!

ಮಹಾಗೋಡೆಗೂ ಹೋಗಿದ್ದೆ. ಅದರ ಬಾದಾಲಿಂಗ್ ಭಾಗದಲ್ಲಿ ದಿನಕ್ಕೆ 65,000 ಜನಕ್ಕಿಂತ ಹೆಚ್ಚು ಬಿಡುವುದಿಲ್ಲ ಅಂತ 2019ರಿಂದ ನಿಯಮ. ಹೆಚ್ಚುಕಮ್ಮಿ ಇಡೀ ಹಾವೇರಿ ಪೇಟೆ ಒಂದೇ ದಿನ ಗೋಡೆ ಹತ್ತಿದ ಹಾಗೆ. ಅದು ಬಾಹ್ಯಾಕಾಶದಿಂದ ಕಾಣುತ್ತೆ ಅಂತ ಶಾಲೆಯಲ್ಲಿ ಕಲಿತಿದ್ದೆ. 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೇ ವಾಪಸ್ ಬಂದು ನನಗೆ ಕಾಣಲಿಲ್ಲ ಅಂದರು. ಅಷ್ಟು ದೂರ ಯಾಕೆ, ಗೋಡೆಯ ಮೇಲೇ ನಿಂತಿದ್ದ ನನಗೂ ಕಾಣಲಿಲ್ಲ. ಮುಂದೆ ತಲೆ, ಹಿಂದೆ ತಲೆ, ನಡುವೆ ಸೆಲ್ಫಿ ಕೋಲು.

ಆದರೂ ಎಲ್ಲ ಫೋಟೊ ಹಾಕಿದೆ ಬಿಡಿ. ಹುವಾಂಗ್‌ಲಿಂಗ್‌ನದ್ದಕ್ಕೆ 'ಕಾಲ ಇಲ್ಲಿ ನಿಂತುಬಿಟ್ಟಿದೆ' ಅಂತಲೇ ಬರೆದೆ. ಬೇರೆ ಏನು ಬರೆಯೋದು? ಕೆಂಪು ಕೂಡ ಮೊಬೈಲಿನಲ್ಲೇ ಸ್ವಲ್ಪ ಏರಿಸಿದ್ದೆ. ಲೈಕು ಬಂದವು. ಎಷ್ಟು ಖರ್ಚಾಯಿತು, ಊಟಕ್ಕೆ ಏನು ಮಾಡಿದಿರಿ ಅಂತ ಮೂವರು ಕೇಳಿದರು.

ಊರಲ್ಲಿರುವ ಅವ್ವನಿಗೂ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದೆ. ಬ್ಯಾಡಗಿ ಪೇಟೆಗೆ ಹೋಗುವ ಕಾಯಿಯನ್ನು ನಲವತ್ತು ವರ್ಷ ಅಂಗಳದಲ್ಲಿ ಒಣಗಿಸಿದ ಕೈ ಅದು. ರಾತ್ರಿ ಫೋನ್ ಬಂತು. ಹಳ್ಳಿ ಚಂದ ಐತಿ ಅನ್ನಲಿಲ್ಲ, ನೀನು ಸೊರಗಿದ್ದಿ ಅಂತಲೂ ಅನ್ನಲಿಲ್ಲ.

"ಕಾಯಿ ಒಂದೂ ಹೊರಳಿಸಿಲ್ಲಲ್ಲೋ ಅವರು. ಹಿಂಗ ಬಿಟ್ರ ತಳಕ್ಕ ಬೂಸ್ಲ ಹಿಡೀತೈತಿ. ಮನ್ಯಾಗ ಯಾರೂ ಇಲ್ಲೇನು?"